ಎರಡನೆಯ ಮಂಚ

ನಾನು ವಕೀಲಿ ಕೋಟು ಕಳಚಿಟ್ಟು ಎಷ್ಟೋ ವರ್ಷವಾಯಿತು. ಆದರೂ ಪೂವಯ್ಯನವರ ಕೆಮ್ಮು ನನ್ನ ಕಿವಿಯಿಂದ ಹೋಗಿಲ್ಲ. ಮಡಿಕೇರಿಯಲ್ಲಿ ವಕೀಲ ಬೋಜಪ್ಪನವರ ಗುಮಾಸ್ತರಾಗಿದ್ದವರು ಅವರು. ಕೋರ್ಟಿನಲ್ಲಿ ಯಜಮಾನರು ತಪ್ಪು ಕಲಂ ಹೇಳಿದರೆ ಹಿಂದಿನ ಬೆಂಚಿನಿಂದ ಒಂದು ಕೆಮ್ಮು ಬರುತ್ತಿತ್ತು. ಎರಡು ಬಂದರೆ ಸುಮ್ಮನೆ ಕೂತುಕೊಳ್ಳಿ ಎಂದರ್ಥ. ಇಪ್ಪತ್ತೈದು ವರ್ಷದಲ್ಲಿ ಒಬ್ಬ ಸಾಕ್ಷಿಗೂ ಅವರು ಸುಳ್ಳು ಹೇಳಿಕೊಟ್ಟಿರಲಿಲ್ಲ. ಸಾಕ್ಷಿ ಹೆದರಿ ನಡುಗಿದರೆ, "ಗೊತ್ತಿಲ್ಲರೆ ಗೊತ್ತಿಲ್ಲೆ ತೇಳಿ ಹೇಳಿ, ಅಷ್ಟೇ" ಎಂದು ನಮ್ಮ ಅರೆಭಾಷೆಯಲ್ಲಿ ಹೇಳಿ ಕಳಿಸುತ್ತಿದ್ದರು.

ಮಹದೇವಪೇಟೆಯ ಇಳಿಜಾರಿನಲ್ಲಿ ಅವರದು ಎರಡೇ ಕೋಣೆಯ ಬಾಡಿಗೆ ಮನೆ. ಜೊತೆಗಿದ್ದವನು ಜವರಪ್ಪ, ಪಿರಿಯಾಪಟ್ಟಣದ ಕಡೆಯಿಂದ ಬಂದ ಬಡಗಿ. ಇಬ್ಬರಿಗೂ ಮದುವೆಯಾಗಿರಲಿಲ್ಲ. ಹದಿನಾರು ವರ್ಷದಿಂದ ಒಟ್ಟಿಗಿದ್ದರು. ಬಾಡಿಗೆ ಹಂಚಿಕೊಳ್ಳಲು ಇದ್ದಾರೆ ಎಂದು ಊರವರು ಅಂದುಕೊಂಡಿದ್ದರು, ನಾನೂ ಹಾಗೇ ಅಂದುಕೊಂಡಿದ್ದೆ.

1957ರ ಡಿಸೆಂಬರು. ನಾನು ಬೆಂಗಳೂರಿನಲ್ಲಿ ಲಾ ಓದುತ್ತಿದ್ದೆ, ರಜೆಗೆ ಬಂದಿದ್ದೆ. ವಯಸ್ಸು ಇಪ್ಪತ್ತೆರಡು, ಬಾಯಿ ಮಾತ್ರ ನಲವತ್ತರದ್ದು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗಷ್ಟೇ ಒಂದು ವರ್ಷ ಕಳೆದಿತ್ತು. ಇನ್ನು ಮೇಲ್ಮನವಿಗಳೆಲ್ಲ ಬೆಂಗಳೂರಿಗೆ ಹೋಗಬೇಕು, ಅಲ್ಲಿ ನಮ್ಮವರು ನಗೆಪಾಟಲಾಗಬಾರದು ಎಂದು ಬೋಜಪ್ಪನವರು ತಿಂಗಳಿಗೊಂದು ಶನಿವಾರ ವಕೀಲರನ್ನೂ ವಿದ್ಯಾರ್ಥಿಗಳನ್ನೂ ಸೇರಿಸಿ ಕೂಟ ನಡೆಸುತ್ತಿದ್ದರು. ಆ ತಿಂಗಳು ಅವರು ಆರಿಸಿದ ವಿಷಯ ಕೇಳಿ ಅರ್ಧ ಜನ ಹುಬ್ಬೇರಿಸಿದರು. ಗಂಡಸರಿಬ್ಬರು ಕೂಡಿದರೆ ಜೈಲು ಎನ್ನುವ ಕಲಂ ಇರಬೇಕೋ ಬೇಡವೋ!

"ಇಂಗ್ಲೆಂಡಿನಲ್ಲಿ ಒಂದು ಕಮಿಟಿ ಕೂತು ಇದು ಬೇಡ ಅಂದಿದೆ ಮಾರಾಯರೇ," ಎಂದರು ಬೋಜಪ್ಪನವರು. "ಕಾನೂನು ಕೊಟ್ಟವರೇ ಯೋಚಿಸ್ತಾ ಇದ್ದಾರೆ. ನಾವು ಮಾತಾಡಿದ್ರೆ ನಾಲಗೆ ಬಿದ್ದುಹೋಗ್ತದಾ?"

ಮೊದಲು ಚರ್ಚೆ, ಆಮೇಲೆ ಅಣಕು ವಿಚಾರಣೆ ಎಂದು ತೀರ್ಮಾನವಾಯಿತು. ಚೀಟಿ ಎತ್ತಿದಾಗ ನನಗೆ ಸರ್ಕಾರಿ ವಕೀಲರ ಪಾತ್ರ ಬಂತು. ಆ ಕಲಂ ಹೋಗಲಿ ಎನ್ನುವವಳೇ ನಾನು. ಆದರೆ ವಾದಕ್ಕೆ ಇಳಿದ ಮೇಲೆ ಗೆಲ್ಲಲೇಬೇಕು ಎನ್ನುವ ಹುಚ್ಚು ನನಗೆ.

ಕೂಟದ ಹಿಂದಿನ ದಿನ ಒಂದು ತೀರ್ಪಿನ ಪುಸ್ತಕ ತರಲು ಪೂವಯ್ಯನವರ ಮನೆಗೆ ಹೋಗಿದ್ದೆ. ಅವರು ಇರಲಿಲ್ಲ. "ಬನ್ನಿ ಒಳೀಕೆ, ಕೂತ್ಕಳಿ ಅವ್ವಾ" ಎಂದು ಜವರಪ್ಪ ಕಾಫಿಯನ್ನೂ ನಾವು ಒಟ್ಟಿ ಎನ್ನುವ ಬಿಸಿ ಅಕ್ಕಿ ರೊಟ್ಟಿಯನ್ನೂ ಕೊಟ್ಟ. ಪುಸ್ತಕ ಒಳಕೋಣೆಯಲ್ಲಿತ್ತು. ಅಲ್ಲಿ ಅವನೇ ಮಾಡಿದ ಒಂದು ಅಗಲವಾದ ಬೀಟೆ ಮಂಚ, ಅದರ ಮೇಲೆ ಎರಡು ದಿಂಬು. ಇನ್ನೊಂದು ಹಾಸಿಗೆ ಎಲ್ಲೂ ಇರಲಿಲ್ಲ. ಓಹೋ, ಎಂದುಕೊಂಡೆ. ಒಟ್ಟಿ ತಿಂದು ಬಂದೆ.

ಶನಿವಾರ ಬಾರ್ ರೂಮು ತುಂಬಿತ್ತು. ಆರೋಪಿಯಾಗಿ ನಿಲ್ಲಲು ಒಬ್ಬ ವಿದ್ಯಾರ್ಥಿಯೂ ಒಪ್ಪಲಿಲ್ಲ. ಅಡ್ಡಹೆಸರು ಬಿದ್ದರೆ ಜೀವಮಾನವಿಡೀ ಹೋಗುವುದಿಲ್ಲ ಎಂಬ ಹೆದರಿಕೆ. "ಪೂವಯ್ಯ, ನೀನೇ ನಿಲ್ಲು ಮಾರಾಯ, ಹೊತ್ತಾಯ್ತು" ಎಂದರು ಬೋಜಪ್ಪನವರು. ಪೂವಯ್ಯನವರು ಕೋಟಿನ ಗುಂಡಿ ಹಾಕಿಕೊಂಡು, ಕಟಕಟೆಯೆಂದು ಇಟ್ಟಿದ್ದ ಕುರ್ಚಿಯ ಹಿಂದೆ ಹೋಗಿ ನಿಂತರು.

ನಾನು ಎದ್ದೆ. ಜೊತೆಗೆ ಯಾರಿದ್ದಾರೆ, ಅಡಿಗೆ ಯಾರು ಮಾಡುತ್ತಾರೆ ಎಂದು ಶುರು ಮಾಡಿದೆ. ಜನ ನಗುತ್ತಿದ್ದರು, ನನಗೆ ಹುರುಪು ಏರಿತ್ತು. "ಸರಿ, ನಿಮ್ಮ ಮನೆಯಲ್ಲಿ ಮಂಚ ಎಷ್ಟು? ಒಂದೇ ಅಲ್ಲವೇ? ದಿಂಬು ಎರಡು, ಅಲ್ಲವೇ?" ಎಂದುಬಿಟ್ಟೆ.

ಅವರ ಮುಖ ನೋಡಿದ ಮೇಲೆ ನನಗೆ ಗೊತ್ತಾಯಿತು. ನಾನು ಕೇಳಿದ್ದು ಪ್ರಶ್ನೆಯಲ್ಲ, ಉಂಡ ಮನೆಯ ಗುಟ್ಟು. ಅದನ್ನು ಅಷ್ಟು ಜನರ ಮುಂದೆ ಸುರಿದಿದ್ದೆ. ಮೊದಲ ಸಾಲಿನಲ್ಲಿ ಅತಿಥಿಯಾಗಿ ಪೊಲೀಸ್ ಇನ್ಸ್‌ಪೆಕ್ಟರ್ ಸಿದ್ದಬಸಪ್ಪನವರು ಕೂತಿದ್ದರು.

ಪೂವಯ್ಯನವರು ಒಂದು ಸಲ ಕೆಮ್ಮಿದರು. ಬೋಜಪ್ಪನವರ ಕಡೆ ತಿರುಗಿ, ಕೋರ್ಟಿನ ಕನ್ನಡದಲ್ಲಿ ನಿಧಾನವಾಗಿ ಹೇಳಿದರು: "ಸ್ವಾಮಿ, ಆರೋಪಿ ತಾನಾಗಿ ಬರೆದುಕೊಟ್ಟು ಸಾಕ್ಷಿ ಹೇಳಲು ಬಂದರೆ ಮಾತ್ರ ಸರ್ಕಾರದ ವಕೀಲರು ಅವನನ್ನು ಪ್ರಶ್ನಿಸಬಹುದು. ನಾನು ಬರೆದುಕೊಟ್ಟಿಲ್ಲ."

ಅಯ್ಯೋ, ಆ ಚಪ್ಪಾಳೆ! ಲಾ ಓದುವ ಹುಡುಗಿಗೆ ಗುಮಾಸ್ತ ಪಾಠ ಹೇಳಿದನಲ್ಲ ಎಂದು ಜನ ಮೇಜು ಕುಟ್ಟಿದರು. ಅಷ್ಟಕ್ಕೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಇನ್ಸ್‌ಪೆಕ್ಟರು ನಗುತ್ತ, "ಅದಿರ್ಲಿ ಪೂವಯ್ಯ, ನಿಜವಾಗ್ಲೂ ಮಂಚ ಎಷ್ಟಿದಾವೆ ಹೇಳಪ್ಪ" ಎಂದರು.

"ಎರಡು," ಎಂದರು ಪೂವಯ್ಯನವರು.

"ಒಂದಿನ ಕಾಫಿಗೆ ಬಂದು ಎಣಿಸ್ತೀನಿ ಹಂಗಾರೆ!" ಎಂದು ಇನ್ಸ್‌ಪೆಕ್ಟರು ಇನ್ನೂ ಜೋರಾಗಿ ನಕ್ಕರು. ಅವರಿಗೆ ಅದು ತಮಾಷೆ. ಕೊನೆಗೆ ಕೈ ಎತ್ತಿಸಿದಾಗ ಕಲಂ ಬೇಡ ಎಂದವರೇ ಹೆಚ್ಚಾದರು. ನಾನು ತಲೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ತಪ್ಪೊಪ್ಪಿಕೊಳ್ಳಲು ಹೋದೆ. ಅಂಗಳದಲ್ಲಿ ಜವರಪ್ಪ ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದ. ಭಾನುವಾರವೂ ಕೆಲಸವೇ ಎಂದೆ.

"ನಿಮ್ ಪ್ರಶ್ನೆಗೆ ಉತ್ರ ಮಾಡ್ತಾವ್ನಿ ಕಣವ್ವ," ಎಂದ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ನಾನು ಅಲ್ಲೇ ನಿಂತು ಅತ್ತೆ. ಪೂವಯ್ಯನವರು ಹೊರಗೆ ಬಂದು, "ಮರ್ಕಡ ಗೂಡೆ," ಎಂದರು. ಅಳಬೇಡ ಎಂದರ್ಥ, ಹುಡುಗಿಯರಿಗೆ ನಮ್ಮ ಕಡೆ ಗೂಡೆ ಎನ್ನುತ್ತೇವೆ. "ನೀ ಬೇಕೂಂತ ಕೇಳ್ದಲ್ಲ, ನಂಗೆ ಗೊತ್ತುಟ್ಟು. ಹಲಗೆದ ಆ ಕೊನೆ ಹಿಡ್ಕ."

ಹಿಡಿದುಕೊಂಡೆ. ಮಧ್ಯಾಹ್ನದವರೆಗೂ ಹಿಡಿದಿದ್ದೆ. ಮಂಚ ಕಿರಿದಾಗಿ ಬಂತು, ಕೋಣೆಯಲ್ಲಿ ಅಷ್ಟೇ ಜಾಗ. ಹಳೆಯದನ್ನು ಗೋಡೆಗೆ ಒತ್ತರಿಸಿ ಇದನ್ನು ಒಳಗೆ ಸೇರಿಸಿದೆವು. ಪೂವಯ್ಯನವರು ಅಗಲದ ಮಂಚದಿಂದ ಒಂದು ದಿಂಬು ತೆಗೆದು, ತಟ್ಟಿ, ಹೊಸದರ ಮೇಲೆ ಇಟ್ಟರು. ಜವರಪ್ಪ ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡಿದ.

ಇನ್ಸ್‌ಪೆಕ್ಟರು ಕಾಫಿಗೆ ಬರಲೇ ಇಲ್ಲ. ಮುಂದಿನ ವರ್ಷ ಅವರಿಗೆ ವರ್ಗವಾಯಿತು. ಪೂವಯ್ಯನವರು ತೀರಿಕೊಂಡದ್ದು ಆ ಮಂಚ ಮಾಡಿದ ಹತ್ತು ವರ್ಷದ ಮೇಲೆ. ಕಾರ್ಯವೆಲ್ಲ ಮುಗಿದ ಮೇಲೆ ಜವರಪ್ಪನನ್ನು ನೋಡಲು ಹೋದೆ. ಎರಡು ದಿಂಬೂ ಅಗಲದ ಮಂಚದ ಮೇಲಿದ್ದವು. ಕಿರಿದಾದದ್ದರಲ್ಲಿ ಯಾರಾದರೂ ಮಲಗುತ್ತಿದ್ದರೇ ಎಂದು ಕೇಳಲು ಬಾಯಿ ಬರಲಿಲ್ಲ. ಕೇಳದೆಯೇ ಅವನು ಹೇಳಿದ.

"ಒಂದಿನಾನೂ ಇಲ್ಲ ಕಣವ್ವ. ಬೆಳಿಗ್ಗೆ ಎದ್ದೇಟ್ಗೆ ಒಂದ್ ದಿಂಬ ತಕ್ಕೊಂಡೋಗಿ ಅಲ್ಲಿ ಮಡಗ್ತಿದ್ರು. ಸಂಜೆ ವಾಪಸ್ ತರೋರು. ಯಾರಾರಾ ಬಂದ್ರೆ ಅಂತ."

ಹತ್ತು ವರ್ಷ, ದಿನಾ ಬೆಳಿಗ್ಗೆ.