ಹಸಿರು ಹೋರಿಯ ಹಗ್ಗ

ಮುದ್ದೇಬಿಹಾಳದ ಜೈನುದ್ದೀನ ದನದ ದಲಾಲ. ಎತ್ತಿನ ವಯಸ್ಸು ತಿಳಿಯಲು ಉಳಿದವರು ಅದರ ಬಾಯಿ ಅಗಲಿಸಿ ಹಲ್ಲು ನೋಡಬೇಕಾಗಿತ್ತು. ಅವನಿಗೆ ಅದು ನಾಲ್ಕು ಹೆಜ್ಜೆ ನಡೆದರೆ ಸಾಕಾಗಿತ್ತು. ಬಾಗೇವಾಡಿಯಿಂದ ತಾಳಿಕೋಟೆಯವರೆಗೆ ಅವನು ಒಪ್ಪಿಸಿಕೊಟ್ಟ ಜೋಡಿಯನ್ನು ಯಾರೂ ತಿರುಗಿ ತಂದು ಅವನ ಬಾಗಿಲಿಗೆ ಕಟ್ಟಿರಲಿಲ್ಲ. ಅಷ್ಟು ದನ ಮಾರಿದ ಆ ಕೈ ಒಂದೇ ಒಂದು ವ್ಯಾಪಾರಕ್ಕೆ ಕಡೆತನಕ ಮರುಗಿತು. ಆ ವ್ಯಾಪಾರದಲ್ಲಿ ಮಾರಾಟವಾದದ್ದಕ್ಕೆ ಕಾಲಿರಲಿಲ್ಲ, ಗಾಲಿಗಳಿದ್ದವು.

ಅದು ಒಂದು ವಿಲಾಯತಿ ಮೋಟಾರು. ಯಾವನೋ ಬಿಳಿ ಎಂಜಿನಿಯರು ಅದನ್ನು ಪುಣೆಯಲ್ಲಿ ಪಂದ್ಯಕ್ಕೆ ಓಡಿಸುತ್ತಿದ್ದನಂತೆ. ನಾಲ್ಕು ಬಾಗಿಲು, ಉದ್ದ ಮೂತಿ, ಹೊಟ್ಟೆ ನೆಲಕ್ಕೆ ತಾಗುವಷ್ಟು ಕುಳ್ಳು. ದೇಶ ಸ್ವತಂತ್ರವಾದ ಮೇಲೆ ಎಂಜಿನಿಯರು ಗಂಟುಮೂಟೆ ಕಟ್ಟಿದ. ಗಾಡಿ ವಿಜಾಪುರದ ವಕೀಲನೊಬ್ಬನಿಗೆ ಬಂತು. ನಮ್ಮ ಎರೆಮಣ್ಣಿನ ಹಾದಿಯಲ್ಲಿ ಅದು ಎಮ್ಮೆ ಕೆಸರಲ್ಲಿ ಮಲಗಿದ ಹಾಗೆ ಮಲಗತೊಡಗಿದಾಗ ವಕೀಲನಿಗೆ ಸಾಕಾಗಿ ಜೈನುದ್ದೀನನ ಕೈಗೆ ದಾಟಿಸಿದ.

ಜೈನುದ್ದೀನ ಅದನ್ನು ಈ ನೆಲದ ಪ್ರಾಣಿ ಮಾಡಿದ. ಲಾರಿಯ ಸ್ಪ್ರಿಂಗಿನ ಪಾಟಾ ಹಾಕಿಸಿ ಹೊಟ್ಟೆ ಎತ್ತಿಸಿದ. ಬೇಸಿಗೆಯಲ್ಲಿ ನೀರು ಕುದಿಯುತ್ತದೆಂದು ಮುಂದೆ ಲಾರಿಯದೇ ದೊಡ್ಡ ರೇಡಿಯೇಟರ್ ಕೂಡಿಸಿದ. ಹಿಂದಿನ ಸೀಟು ಕಿತ್ತು ಹಲಗೆ ಬಡಿದು, ಗೋಣಿತಟ್ಟು ಹಾಸಿ, ಒಂದು ಹೋರಿಗರು ನಿಂತು ಬರುವಷ್ಟು ಜಾಗ ಮಾಡಿದ. ರೇಡಿಯೇಟರ್ ಮುಂದೆ ಚಾಚಿದ್ದರಿಂದ ಗಾಡಿ ಚಾಲೂ ಮಾಡುವ ಹ್ಯಾಂಡಲ್ಲು ಎಂಜಿನ್ನಿಗೆ ಮುಟ್ಟದಾಯಿತು. ಆಗ ಕಂಬಾರ ಮೋನಪ್ಪ ಮುರಿದ ಬಂಡಿಯ ಅಚ್ಚಿನ ಕಬ್ಬಿಣ ಕಾಯಿಸಿ, ಮೊಳಕ್ಕೂ ಉದ್ದದ ಹೊಸ ಹ್ಯಾಂಡಲ್ಲು ಬಡಿದುಕೊಟ್ಟ. ಅದರ ತುದಿಯ ಕಚ್ಚು ಕೂಡುವ ತನಕ ಎಷ್ಟು ಸಲ ಕಾಯಿಸಿದನೋ ಅವನ ತಿದಿಗೇ ಗೊತ್ತು. ಆ ಗಾಡಿಗೆ ಆ ಹ್ಯಾಂಡಲ್ಲೇ ಆಗಬೇಕು, ಆ ಹ್ಯಾಂಡಲ್ಲಿಗೆ ಆ ಗಾಡಿಯೇ ಆಗಬೇಕು. ಕಡೆಗೆ ಮೈಗೆಲ್ಲ ಸೀಸೆ ಹಸಿರು ಬಣ್ಣ ಬಳಿಸಿದ. ಜನ ಅದನ್ನು ‘ಹಸರ ಹೋರಿ’ ಎಂದು ಕರೆದರು.

ಹಸಿರು ಹೋರಿಯ ಮುಂದಿನ ಇನ್ನೊಂದು ಸೀಟು ಗೊಳಸಂಗಿಯ ಗುರಲಿಂಗಪ್ಪನದು. ಅವನೂ ದನದ ವ್ಯಾಪಾರದವನೇ, ಜೈನುದ್ದೀನನ ಓರಗೆಯವನು. ಸಂತೆ ಎಲ್ಲಿದ್ದರೂ ಇಬ್ಬರೂ ಕೂಡಿಯೇ ಹೋಗುತ್ತಿದ್ದರು. ಹಾದಿ ಸಪಾಟಾಗಿದ್ದ ಕಡೆ ಜೈನುದ್ದೀನ ಗೆಳೆಯನ ಕೈಗೆ ಚಕ್ರ ಕೊಟ್ಟು ನಡೆಸಲು ಕಲಿಸಿದ.

“ಏ ಗುರಪ್ಪಾ, ಬಾರಕೋಲ ಹಿಡದಂಗ ಹಿಡಿಬ್ಯಾಡೋ! ಹೋರಿ ಬೆದರತೈತಿ.”

“ಬೆದರಲಿ ಬಿಡೋ. ಎತ್ತಾದ್ರ ಬಾಲಾ ಮುರದೇನು, ಇದಕ್ಕ ಬಾಲಾನ ಇಲ್ಲಲ್ಲ, ಏನ ಮುರೀಲಿ?”

ಹೀಗೆ ನಗುತ್ತ ಜಗಳಾಡುತ್ತ ಎಷ್ಟೋ ಸುಗ್ಗಿ ಕಳೆದವು. ಆಮೇಲೆ ಜೈನುದ್ದೀನನ ಕಣ್ಣಿಗೆ ಪೊರೆ ಬಂತು. ಮೊದಮೊದಲು ಅವನು ಯಾರಿಗೂ ಹೇಳಲಿಲ್ಲ; ಎತ್ತಿನ ನಡಿಗೆಯಿಂದ ವಯಸ್ಸು ಹೇಳುವವನು ಎತ್ತೇ ಮಸುಕು ಎಂದು ಹೇಳುವುದು ಹೇಗೆ? ಒಂದು ದಿನ ತಾಳಿಕೋಟೆಯ ಹಾದಿಯಲ್ಲಿ, ನಡುಮಧ್ಯಾಹ್ನ, ಗಾಡಿಯನ್ನು ನೇರವಾಗಿ ಕುರಿಹಿಂಡಿನೊಳಕ್ಕೆ ನುಗ್ಗಿಸಿದ. ಪುಣ್ಯಕ್ಕೆ ಯಾವ ಕುರಿಯೂ ಸಾಯಲಿಲ್ಲ. ಕುರುಬರ ಸೋಮನಿಂಗ ಕಂಬಳಿ ಎಸೆದು ಓಡಿ ಬಂದ.

“ಜೈನೂ ಕಾಕಾ! ಇಷ್ಟು ಕುರಿ ಕಾಣಲಿಲ್ಲೇನು ನಿನಗ?”

“ಬೇವಿನ ಗಿಡದ ನೆರಳು ಅಂತ ತಿಳದೆಪಾ,” ಎಂದ ಜೈನುದ್ದೀನ.

ಸೋಮನಿಂಗ ಸುತ್ತ ನೋಡಿದ. ಕಣ್ಣು ಹಾಯುವ ತನಕ ಒಂದು ಗಿಡವಿರಲಿಲ್ಲ.

ಸುದ್ದಿ ಗಂಡನಿಗಿಂತ ಮೊದಲೇ ಮನೆ ಸೇರಿತ್ತು. ಹೆಂಡತಿ ಸೈದಾಬಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು: “ಇವತ್ತು ಕುರಿ. ನಾಳೆ ಯಾರದರ ಕೂಸು. ಮಾರಿಬಿಡ್ರಿ ಅದನ್ನ.” ಅವನು ಹೊರಗೆ ಹೋಗಿ ಗಾಡಿ ಒರೆಸತೊಡಗಿದ. ಅವಳ ಮಾತು ಖರೆ ಇದ್ದಾಗ ಅವನು ಕೈಗೆ ಏನಾದರೂ ಕೆಲಸ ಹಚ್ಚಿಕೊಳ್ಳುವುದು ಅವಳಿಗೆ ಗೊತ್ತಿತ್ತು.

ಮೊದಲು ಕೇಳಿ ಬಂದವನು ತಾಳಿಕೋಟೆಯ ಅಮೀನುದ್ದೀನ, ರೊಕ್ಕಸ್ಥ. ಗಾಡಿಯ ಸುತ್ತ ಒಮ್ಮೆ ತಿರುಗಿ, ಜೈನುದ್ದೀನ ಮನಸ್ಸಿನಲ್ಲಿಟ್ಟಿದ್ದ ಬೆಲೆಗಿಂತ ಮೇಲೆಯೇ ಹೇಳಿದ. ಜೈನುದ್ದೀನನ ಮುಖ ಅರಳಿತು. “ಎಲ್ಲೆಲ್ಲಿ ಓಡಸಬೇಕಂತ ಮಾಡೀರಿ?”

“ಓಡಸೂದ್ಯಾಕ್ರಿ? ಎಂಜಿನ್ ಬಿಚ್ಚಿ ಹಿಟ್ಟಿನ ಗಿರಣಿಗೆ ಹಚ್ಚತೇನಿ. ತಗಡು ಮನಿ ಮ್ಯಾಲ ಹೊದಸಾಕಾತು.”

ಅರಳಿದ ಮುಖ ಮುದುಡಿತು. “ಓಡೂ ಹೋರೀನ ಗಾಣಕ್ಕ ಕಟ್ಟಾಕ ನಾ ಕೊಡಾಂಗಿಲ್ರಿ. ಚಾ ಕುಡದು ಹೋಗ್ರಿ,” ಎಂದ.

ಇದು ಗೊಳಸಂಗಿಗೆ ಮುಟ್ಟಿದ ಮೇಲೆ ಗುರಲಿಂಗಪ್ಪ ತಾನೇ ಬಂದ, ದನ ಕೊಳ್ಳಲು ಬರುವವನ ಹಾಗೆ ಹೆಗಲ ಮೇಲೆ ಹೊಸ ಹಗ್ಗ ಹಾಕಿಕೊಂಡು. “ಹೋರಿ ಮಾರ್ತೀಯಂತಲ್ಲೋ. ನನ್ನ ಕೊಟ್ಟಗಿ ಕಣ್ಣಿಗೆ ಕಾಣಲಿಲ್ಲೇನು?”

“ಕಣ್ಣಿಗೆ ಕಂಡಿದ್ರ ನಾ ಯಾಕ ಮಾರತಿದ್ದೆಪಾ?” ಎಂದ ಜೈನುದ್ದೀನ. ಇಬ್ಬರೂ ನಕ್ಕರು. ಇವನ ಮನೆ ಸೇರಿದರೆ ಹೋರಿ ಓಡಾಡಿಕೊಂಡಿರುತ್ತದೆ ಎಂಬ ಒಂದೇ ಆಸೆ ಜೈನುದ್ದೀನನದು. ಅದಕ್ಕಾಗಿ ಅವನು ಬೆಲೆ ಬಿಡಲೂ ತಯಾರಿದ್ದ.

ವ್ಯಾಪಾರ ದನದ ರಿವಾಜಿನಂತೆಯೇ ನಡೆಯಿತು. ಟವೆಲ್ಲು ಹೊದಿಸಿ, ಅದರಡಿ ಬೆರಳು ಹಿಡಿದು, ಅದುಮಿ, ಬಿಟ್ಟು, ಮತ್ತೆ ಹಿಡಿದು ಬೆಲೆ ಕೂಡಿಸಿದರು. ಟವೆಲ್ಲಿನ ಕೆಳಗಿನ ಮಾತು ಟವೆಲ್ಲಿಗೇ ಗೊತ್ತು. ಆಮೇಲೆ ಜೈನುದ್ದೀನ, ಎತ್ತಿನ ಸುಳಿ ಹೇಳುವ ಹಾಗೆ, ಗಾಡಿಯ ಐಬು ಹೇಳಿದ. “ಸಣ್ಣ ಸಣ್ಣ ಕೆಲಸ ಅದಾವ. ಎಡಗಡೆ ಹಿಂದಿನ ಬಾಗಿಲಾ ಒಳಗಿಂದ ತೆರಿಯಾಂಗಿಲ್ಲ. ಒಂದ ದೀಪ ಕಣ್ಣ ಮಿಟಕಸತೈತಿ. ಸೆಲ್ಫು ಹಿಡಿಯೂದಿಲ್ಲ, ಹ್ಯಾಂಡಲ್ ಹೊಡದ ಚಾಲೂ ಮಾಡಬೇಕು.”

“ಸೊಲ್ಲಾಪುರಕ್ಕ ಒಯ್ದು ಸೆಲ್ಫು ಮಾಡಸ್ತೇನಿ. ಇವೆಲ್ಲ ಏನ ದೊಡ್ಡವು,” ಎಂದ ಗುರಲಿಂಗಪ್ಪ. ತಂದಿದ್ದ ಹೊಸ ಹಗ್ಗವನ್ನು ಮುಂದಿನ ಬಂಪರಿಗೆ ಗಂಟು ಹಾಕಿದ. ಸೈದಾಬಿ ಹೊಸಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು; ನಗುತ್ತಲೇ ಕಣ್ಣೊರೆಸಿಕೊಂಡಳು.

ಜೈನುದ್ದೀನ ಕಡೆಯ ಸಲ ಹ್ಯಾಂಡಲ್ಲು ಕೂಡಿಸಿ ತಿರುವಿದ. ಹೋರಿ ಗುಟುರು ಹಾಕಿತು. ಗುರಲಿಂಗಪ್ಪ ಚಕ್ರ ಹಿಡಿದು ಕೂತು, ಕಿಟಕಿಯಿಂದ ಕೈ ಚಾಚಿದ. ಕೈಕುಲುಕಲಿಕ್ಕೋ, ಹ್ಯಾಂಡಲ್ಲು ಇಸಿದುಕೊಳ್ಳಲಿಕ್ಕೋ, ಅವನಿಗೂ ತಿಳಿದಿತ್ತೋ ಇಲ್ಲವೋ.

ಜೈನುದ್ದೀನ ಹ್ಯಾಂಡಲ್ಲು ನೋಡಿದ. ಅವನ ಗೋದಲಿಯ ಮೇಲಿನ ಗೂಟಕ್ಕೆ ಅಪ್ಪನ ಕಾಲದಿಂದ ಮಾರಿದ ದನಗಳ ಹಗ್ಗಗಳು ಜೋತಾಡುತ್ತಿದ್ದವು. ದನ ಕೊಡಬೇಕು, ಹಗ್ಗ ಕೊಡಬಾರದು. ಹಗ್ಗ ಹೋದರೆ ಅದರ ಹಿಂದೆ ಗೋದಲಿಯ ಭಾಗ್ಯವೂ ಎದ್ದು ಹೋಗುತ್ತದೆ ಎಂದು ಅಪ್ಪ ಹೇಳಿದ್ದ. ಜೈನುದ್ದೀನ ಎಂದೂ ಕೊಟ್ಟವನಲ್ಲ. ಈ ಹೋರಿಗೆ ಇದ್ದ ಹಗ್ಗ ಇದೊಂದೇ. ಯೋಚಿಸುವ ಮೊದಲೇ ಕೈ ಅದನ್ನು ಹೆಗಲಿಗೇರಿಸಿತು.

ಗುರಲಿಂಗಪ್ಪ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. ಅವನೂ ಅದೇ ಸಂತೆಯ ಅನ್ನ ಉಂಡವನು. “ಇರಲಿ, ಇರಲಿ. ಹಗ್ಗ ನಿಂದು. ನಾ ಬ್ಯಾರೆ ಮಾಡಸ್ಕೋತೇನಿ,” ಎಂದು ಹೊರಟುಹೋದ. ಧೂಳು ಅಡಗುವ ತನಕ ಜೈನುದ್ದೀನ ನಿಂತಿದ್ದ. ಸಪ್ಪಳ ಕೇಳಿಸುತ್ತಿತ್ತು, ಕಾಣಿಸಿದ್ದು ಬರೀ ಹಸಿರು ಮಸುಕು.

ಹೋರಿ ಗೊಳಸಂಗಿ ಮುಟ್ಟಿತು. ಗುರಲಿಂಗಪ್ಪನ ಹೆಂಡತಿ ಚಂದವ್ವ ನೀರು ನಿವಾಳಿಸಿ, ಗಾಲಿಗಳಿಗೆ ಕುಂಕುಮ ಹಚ್ಚಿ ಒಳಗೆ ತುಂಬಿಸಿಕೊಂಡಳು. ಗುರಲಿಂಗಪ್ಪ ಎಂಜಿನ್ ಬಂದ್ ಮಾಡಿದ. ಅಷ್ಟೇ. ಮತ್ತೆ ಅದನ್ನು ಎಬ್ಬಿಸಲು ಯಾರ ಕೈಯಲ್ಲೂ ಆಗಲಿಲ್ಲ. ಸೊಲ್ಲಾಪುರದಿಂದ ಕರೆಸಿದ ಮಿಸ್ತ್ರಿ ಸೆಲ್ಫು ಬಿಚ್ಚಿ ನೋಡಿ, ಇದರ ಸಾಮಾನು ವಿಲಾಯತಿಯಲ್ಲೂ ಸಿಗುವುದಿಲ್ಲ ಎಂದ. ಊರ ಕಂಬಾರ ಬಡಿದ ಹ್ಯಾಂಡಲ್ಲು ಕಚ್ಚಲಿಲ್ಲ. ಇನ್ನೊಂದು ಬಡಿದ, ಅದು ಜಾರಿ ತಿರುವಿದವನ ಮುಂಗೈ ಮುರಿಯಿತು. ಮೋನಪ್ಪನನ್ನು ಕೇಳೋಣವೆಂದರೆ ಅವನು ಮಣ್ಣಾಗಿದ್ದ.

ಮುದ್ದೇಬಿಹಾಳಕ್ಕೆ ಸುದ್ದಿ ತಂದವನು ಕುರಿ ಹೊಡೆದುಕೊಂಡು ಬಂದ ಸೋಮನಿಂಗ.

“ಕಾಕಾ, ಗೊಳಸಂಗ್ಯಾಗ ನಿನ್ನ ಹಸರ ಹೋರಿಗೆ ಎತ್ತು ಹೂಡ್ಯಾರ!”

“ಏನಂದಿ?”

“ಆಣಿ ಮಾಡಿ ಹೇಳ್ತೇನಿ. ಮುಂದ ಜೋಡೆತ್ತು, ಹಿಂದ ಮೋಟಾರ, ಒಳಗ ಗುರಲಿಂಗಪ್ಪ ಕಾಕಾ. ಎಳದು ಚಾಲೂ ಮಾಡಬೇಕಂತ. ಎತ್ತು ಓಡಿದ್ರ ಒಮ್ಮಿ ಗುರ್ ಅಂತೈತಿ. ಅದಕ್ಕ ಎತ್ತು ಬೆದರಿ ಕಡ್ಲಿ ಹೊಲಕ್ಕ ನುಗ್ತಾವ. ಅಲ್ಲಿ ಹೋಗಿ ಮತ್ತ ಸುಮ್ಮನಾಗತೈತಿ. ಮೋಟಾರ ಹೂಡಿ ಕುಂಟಿ ಹೊಡದಾನ ಅಂತ ಮಂದಿ ಬಿದ್ದ ಬಿದ್ದ ನಗ್ತಾರ.”

ಜೈನುದ್ದೀನನೂ ಹೊಟ್ಟೆ ಹಿಡಿದು ನಕ್ಕ. ಸೈದಾಬಿ ನಗಲಿಲ್ಲ. ಸೋಮನಿಂಗ ಹೋದ ಮೇಲೆ ಗೂಟಕ್ಕೆ ತೂಗಿದ್ದ ಹ್ಯಾಂಡಲ್ಲಿನ ಕಡೆ ಕೈ ಮಾಡಿ ಹೇಳಿದಳು: “ಅದನ್ನ ಕೊಟ್ಟು ಬರ್ರಿ. ಕಬ್ಬಣಾ ಅದು, ಹಗ್ಗಲ್ಲ.”

“ಅವ ಕೇಳಲಿ, ಕೊಡ್ತೇನಿ.”

“ಅವರು ಕೇಳತಾರೇನ್ರಿ? ನೀವಾಗಿದ್ರ ಕೇಳತಿದ್ರೇನು?”

ಕೇಳುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಆದರೆ ಕೇಳದೆ ಕಳಿಸಿದರೆ ಗೆಳೆಯನ ಸೋಲನ್ನು ತಾನೇ ಡಂಗುರ ಹೊಡೆದ ಹಾಗೆ. ಕೊಟ್ಟರೆ ಅಪ್ಪನ ಮಾತು ಮುರಿದ ಹಾಗೆ. ಇವತ್ತು ಕೇಳಬಹುದು, ಬರುವ ಸಂತೆಗೆ ಕೇಳಬಹುದು ಎಂದು ಕಾದ. ಸಂತೆಯಲ್ಲಿ ಗುರಲಿಂಗಪ್ಪ ಸಿಕ್ಕಾಗ ಇಬ್ಬರೂ ಮಳೆಯ ಮಾತಾಡಿದರು, ಜೋಳದ ಮಾತಾಡಿದರು, ಹೋರಿಯ ಹೆಸರೆತ್ತಲಿಲ್ಲ. ಬರುಬರುತ್ತ ಗುರಲಿಂಗಪ್ಪ ಮುದ್ದೇಬಿಹಾಳದ ಕಡೆ ಬರುವುದೇ ಕಡಿಮೆಯಾಯಿತು.

ಕಡೆಗೆ ಸೈದಾಬಿ ಬೆನ್ನು ಹತ್ತಿ ಗಂಡನನ್ನು ಮಿರಜಿಗೆ ಕರೆದೊಯ್ದು ಕಣ್ಣಿನ ಆಪರೇಶನ್ ಮಾಡಿಸಿಕೊಂಡು ಬಂದಳು. ದಪ್ಪ ಗಾಜಿನ ಚಾಳೀಸು ಬಂತು. ಮನೆಗೆ ಬಂದವನು ಮೊದಲು ಕಂಡದ್ದು ಗೂಟಕ್ಕೆ ತೂಗುತ್ತಿದ್ದ ಹ್ಯಾಂಡಲ್ಲು. ಮಸುಕಿನಲ್ಲಿ ಅದೂ ಹಗ್ಗಗಳ ನಡುವೆ ಒಂದು ಹಗ್ಗದಂತೆಯೇ ಇತ್ತು. ಈಗ ನೋಡಿದರೆ ಅದು ಕಬ್ಬಿಣ; ಮೈತುಂಬ ಕೆಂಪು ಜಂಗು. ಮರುದಿನ ಎಣ್ಣೆ ಹಚ್ಚಿ ತಿಕ್ಕಿ, ಗೋಣಿತಟ್ಟಿನಲ್ಲಿ ಸುತ್ತಿ, ಗೊಳಸಂಗಿಯ ಬಸ್ಸು ಹತ್ತಿದ.

“ಏನ್ರಿ ಮುತ್ಯಾ, ಬಂದೂಕೇನು?” ಎಂದ ಕಂಡಕ್ಟರ.

“ಹಗ್ಗಪಾ,” ಎಂದ ಜೈನುದ್ದೀನ.

ಗುರಲಿಂಗಪ್ಪನ ಹಿತ್ತಲಲ್ಲಿ, ಜಾಲಿಯ ಗಿಡದ ಕೆಳಗೆ, ಹಸಿರು ಹೋರಿ ನಿಂತಿತ್ತು. ಬಣ್ಣ ಬಿಸಿಲಿಗೆ ಬೆಳ್ಳಗಾಗಿತ್ತು. ಹೋರಿಗರು ನಿಲ್ಲುತ್ತಿದ್ದ ಹಲಗೆಯ ಮೇಲೆ ಕೋಳಿ ಕಾವಿಗೆ ಕೂತಿತ್ತು. ಹೊಸ ಕಣ್ಣಿಗೆ ಎಲ್ಲ ಸ್ಪಷ್ಟವಾಗಿ ಕಂಡಿತು, ಬೇಡವೆಂದರೂ. ಮುಂದಿನ ಮೂತಿಯ ಮುಚ್ಚಳ ಎತ್ತಿದ. ಒಳಗೆ ನೆಲ ಕಾಣಿಸಿತು, ಹುಲ್ಲು ಬೆಳೆದಿತ್ತು.

ಹಿಂದೆ ಗುರಲಿಂಗಪ್ಪ ಬಂದು ನಿಂತಿದ್ದ. “ಎಂಜಿನ್ ಅಮೀನುದ್ದೀನ ಒಯ್ದ. ಹ್ವಾದ ಸುಗ್ಯಾಗ. ನಿಂತಲ್ಲೇ ಕೊಳಿಯೂದಕ್ಕಿಂತ ಗಿರಣ್ಯಾಗರ ಸಪ್ಪಳಾ ಮಾಡಲಿ ಅಂತ ಕೊಟ್ಟೆ.”

ಜೈನುದ್ದೀನ ಗೋಣಿತಟ್ಟು ಬಿಚ್ಚಿದ. ಗುರಲಿಂಗಪ್ಪ ಹ್ಯಾಂಡಲ್ಲನ್ನು ನೋಡಿದ, ಮುಟ್ಟಲಿಲ್ಲ.

“ಒಂದ ಸಲಾ ಕೇಳಬೇಕಿತ್ತೋ ಗುರಪ್ಪಾ.”

“ಮಾರಿದವನ ಹಗ್ಗಾ ಕೇಳಲ್ಯಾ? ನಿನ್ನ ಮನಿ ದೀಪಾ ಕೇಳಿದಂಗ ಆಗತಿತ್ತು. ನೀನರ ಕಳಸಬೇಕಿತ್ತು.”

ಜೈನುದ್ದೀನ ಹ್ಯಾಂಡಲ್ಲನ್ನು ಮತ್ತೆ ಗೋಣಿತಟ್ಟಿನಲ್ಲಿ ಸುತ್ತಿದ. ಚಂದವ್ವ ಹೊರಗೆ ಬಂದು, “ಅಣ್ಣಾರ, ಬಿಸಲಾಗ ಯಾಕ ನಿಂತೀರಿ? ಕುಂದರ್ರಿ, ಚಾ ತರ್ತೇನಿ,” ಎಂದಳು. ಕೂರಲು ನೆರಳಿದ್ದದ್ದು ಹೋರಿಯೊಳಗೇ. ಇಬ್ಬರೂ ಹಳೆಯ ರೂಢಿಯಂತೆ ಮುಂದಿನ ಸೀಟುಗಳಲ್ಲಿ ಕೂತರು. ಕೋಳಿ ಕೊಕ್ಕರಿಸಿತು, ಏಳಲಿಲ್ಲ. ಜೈನುದ್ದೀನನ ಕೈ ತಾನಾಗಿಯೇ ಚಕ್ರ ಹಿಡಿಯಿತು.

“ಬಾರಕೋಲ ಹಿಡದಂಗ ಹಿಡಿಬ್ಯಾಡೋ,” ಎಂದ ಗುರಲಿಂಗಪ್ಪ. ನಗು ಬರಲಿಲ್ಲ, ಇಬ್ಬರಿಗೂ.

ಅಂದಿನಿಂದ ಜೈನುದ್ದೀನ ದನ ಮಾರಿದಾಗ ಅದರ ಹಗ್ಗವನ್ನೂ, ಗೂಟದಿಂದ ಒಂದು ಹಳೆಯ ಹಗ್ಗವನ್ನೂ ಕೊಟ್ಟು ಕಳಿಸತೊಡಗಿದ. ಕೊಳ್ಳುವವರೇ ಹೆದರಿ, “ಬ್ಯಾಡ್ರಿ, ನಿಮಗ ಒಳ್ಳೇದಾಗಾಂಗಿಲ್ಲ,” ಎನ್ನುತ್ತಿದ್ದರು. ಅವನು ಕೈಗೆ ತುರುಕುತ್ತಿದ್ದ. ಮುದುಕನ ತಲೆ ಕೆಟ್ಟಿದೆ, ಬರುವ ಯುಗಾದಿಯೊಳಗೆ ಅವನ ಗೋದಲಿ ಬರಿದಾಗುತ್ತದೆ ಎಂದು ಸಂತೆ ಮಾತಾಡಿತು. ಗೋದಲಿ ಬರಿದಾಗಲಿಲ್ಲ. ಆಕಳು ಈದವು, ಕರುಗಳು ಬೆಳೆದವು, ವ್ಯಾಪಾರದ ಕೈ ಮೊದಲಿನ ಹಾಗೆಯೇ ನಡೆಯಿತು. ಹಗ್ಗ ಕೊಟ್ಟವನಿಗೆ ಏನೂ ಆಗುವುದಿಲ್ಲ ಎಂದು ಪ್ರತಿ ವರ್ಷ ಕಣ್ಣಾರೆ ಕಂಡ. ಅವನನ್ನು ಹೆಚ್ಚು ಸುಟ್ಟದ್ದು ಅದೇ.

ಗೂಟದಲ್ಲಿ ಉಳಿದದ್ದು ಹ್ಯಾಂಡಲ್ಲೊಂದೇ. ಅದನ್ನು ಯಾರಿಗೆ ಕೊಡಬೇಕೆಂದು ಅವನಿಗೆ ಕಡೆತನಕ ತಿಳಿಯಲಿಲ್ಲ.