ಜವಳದ ಕೆಳಗಿನ ಗಾಯ

ದೆವ್ವ, ಶಕುನ ಎಂದವರನ್ನೆಲ್ಲ ಗೇಲಿ ಮಾಡುತ್ತಿದ್ದವಳು ನಾನು. ಈಗ ನೀವು ನನ್ನನ್ನು ಗೇಲಿ ಮಾಡಿದರೂ ಬೇಸರವಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಸವಣೂರಿನ ಒಂದು ಸಣ್ಣ ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ಹತ್ತಿಮತ್ತೂರಿನ ಎರಡೂವರೆ ವರ್ಷದ ಗಂಗವ್ವ ಎತ್ತಿನ ಚಕ್ಕಡಿಯಿಂದ ಬಿದ್ದು ತೊಡೆ ಮುರಿದುಕೊಂಡು ಬಂದಿದ್ದಳು. ಎದೆಯಿಂದ ಪಾದದವರೆಗೆ ಪ್ಲಾಸ್ಟರ್. ಮೊದಲೆರಡು ದಿನ ಅತ್ತಳು, ಆಮೇಲೆ ಸೂರು ನೋಡುತ್ತ ಸುಮ್ಮನಾದಳು.

ಮಲಗಿದಲ್ಲೇ ಮಲಗಿದವರಿಗೆ ಹಾಸಿಗೆ ಹುಣ್ಣಾಗುತ್ತದೆ. ಅದಕ್ಕೇ ದಿನವೂ ಪ್ಲಾಸ್ಟರಿನ ಅಂಚು, ಸೊಂಟ, ಹಿಮ್ಮಡಿ ನೋಡಿ 'ಚರ್ಮ ಸರಿಯಿದೆ' ಎಂದು ಬರೆಯುತ್ತಿದ್ದೆ. ದೊಡ್ಡವರಲ್ಲಿ ನೋಡುವ ಜಾಗಗಳು ಅವು. ಮಕ್ಕಳಿಗೂ ಅಷ್ಟೇ ಎಂದುಕೊಂಡಿದ್ದೆ. ತಲೆಯನ್ನು ಮಾತ್ರ ಮುಟ್ಟಿರಲಿಲ್ಲ. ಜವಳ ತೆಗೆಸಿರದ ಕೂದಲು ಗಂಟುಗಟ್ಟಿತ್ತು. ಕೈ ಹಾಕಲು ಹೋದಾಗ ತಾಯಿ ಬಸವ್ವ, "ಬ್ಯಾಡ್ರಿ ಅಕ್ಕಾರ, ಅದು ದೇವರ ಕೂದಲ," ಎಂದು ಕೈ ಮುಗಿದಿದ್ದಳು. ಹೋಗಲಿ ಎಂದು ಬಿಟ್ಟೆ.

ನಾಲ್ಕು ದಿನ ರಜೆ ಹಾಕಿ ಹಿರೇಕೆರೂರಿಗೆ ಹೊರಟೆ. ಮಟಮಟ ಮಧ್ಯಾಹ್ನ. ಬಸ್ಸು ಬದಲಿಸಬೇಕಿದ್ದ ಶಿಗ್ಗಾಂವ ಮುಟ್ಟುವ ಮೊದಲೇ ನನ್ನ ಮೈ ಎದೆಯಿಂದ ಕೆಳಗೆ ಕಲ್ಲಾಯಿತು. ಏಳಲಾರೆ, ಹೊರಳಲಾರೆ. ತಲೆ ಹಿಂದಕ್ಕೆ ವಾಲಿ, ಹಿಂದಲೆಯಲ್ಲಿ ಕೆಂಡ ಇಟ್ಟ ಹಾಗೆ ಉರಿ. ಕೂಗಬೇಕೆಂದರೆ ದನಿಯಿಲ್ಲ, ಕಣ್ಣು ಬಸ್ಸಿನ ಸೂರಿನಲ್ಲೇ ನೆಟ್ಟಿತ್ತು. ಅಂಥ ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಪಕ್ಕದ ಮುದುಕಿ ಗಾಬರಿಯಾಗಿ ನನ್ನ ತಲೆ ಎತ್ತಿ ಹಿಡಿದಳು. ಕೂಡಲೇ ಕೈಕಾಲು ಸಡಿಲಾದವು. ಹಿಂದಲೆಯ ಕೂದಲು ಸರಿಸಿ ನೋಡಿ, "ಯವ್ವಾ, ಇಲ್ಲಿ ಹುಣಸಿಬೀಜದಷ್ಟು ಕೆಂಪಗಾಗೇತಿ. ಹಾಸಿಗಿ ಹಿಡದವರಿಗೆ ಹಿಂಗ ಆಗತೈತಿ ನೋಡು," ಎಂದಳು. ಗಂಗವ್ವನ ತಲೆಯನ್ನು ನಾನು ಒಮ್ಮೆಯೂ ಎತ್ತಿ ನೋಡಿರಲಿಲ್ಲ.

ಶಿಗ್ಗಾಂವದಲ್ಲಿ ಇಳಿದು ಸವಣೂರಿನ ಬಸ್ಸು ಹತ್ತಿದೆ. ದವಾಖಾನೆಗೆ ಬಂದವಳೇ ಗಂಗವ್ವನ ಮಂಚದ ಹತ್ತಿರ ಹೋದೆ. "ದೇವರು ಬೈದ್ರ ನನ್ನ ಬೈಲಿ ಬಸವ್ವಾ, ನಾ ತಲಿ ಎತ್ತತೇನಿ," ಎಂದು ಕೂದಲ ಗಂಟು ಸರಿಸಿದೆ. ಅದೇ ಜಾಗ. ಚರ್ಮ ಕಪ್ಪಾಗಿ ಕೀವು ಕಟ್ಟಿತ್ತು. "ಇನ್ನ ನಾಕ ದಿನ ಬಿಟ್ಟಿದ್ರ ಎಲುಬಿಗೆ ಮುಟ್ಟತಿತ್ತು," ಎಂದರು ಡಾಕ್ಟರು. ಸಣ್ಣ ಮಕ್ಕಳಿಗೆ ತಲೆಯೇ ಭಾರ, ಮೊದಲು ಅಲ್ಲೇ ನೋಡಬೇಕೆಂದು ಅಂದು ಕಲಿತೆ. ಬಸವ್ವ ತಾನೇ ಆ ಕೂದಲು ಕತ್ತರಿಸಿ, ದೇವರಿಗೆಂದು ಸೆರಗಿನಲ್ಲಿ ಕಟ್ಟಿಕೊಂಡಳು.

ಮಗು ಉಳಿಯಿತು. ನನ್ನ ತಲೆಗೆ ಬಸ್ಸಿನ ಸೀಟಿನ ಕಂಬಿ ಒತ್ತಿರಬೇಕು, ಉಳಿದದ್ದು ಮನಸ್ಸಿನ ಅಳುಕು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಗಾಯ ಮಾದ ಕಲೆಯ ಮೇಲೆ ಇನ್ನು ಕೂದಲು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರೂ ಗಂಗವ್ವನಿಗೆ ಅಲ್ಲಿ ದಟ್ಟವಾಗಿ ಬಂತು. ನನ್ನ ತಲೆಯಲ್ಲಿ ಆ ಹುಣಸೆಬೀಜದಷ್ಟು ಜಾಗ ಇಂದಿಗೂ ಬೋಳು.