ತಾರಸಿಯ ಮೇಲಿನ ಉಬ್ಬಸ

ನಾನು ಓದಿದ್ದು ಮೂರನೇ ಕ್ಲಾಸು. ಕತೆ ಕಟ್ಟುವ ವಿದ್ಯೆ ನನಗೆ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ನಂಬದವರು ಪೀಣ್ಯದ ಹಿಂದಿರುವ ನಮ್ಮ ವಠಾರಕ್ಕೆ ಬಂದು ತಾರಸಿಯ ಮೆಟ್ಟಿಲು ಹತ್ತಿ ನೋಡಲಿ. ಕತ್ತಲಾದ ಮೇಲೆ, ಒಬ್ಬರೇ.

ಮೊದಲು ಸಂತೋಷದ ಮಾತು ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರೆ. ನನ್ನ ಮೊಮ್ಮಗಳು ಗಾನವಿ ಈಗ ನನ್ನ ಪಕ್ಕದಲ್ಲೇ ಕೂತು ನನ್ನ ಒತ್ತಕ್ಷರ ತಿದ್ದುತ್ತಿದ್ದಾಳೆ. ಉಸಿರಾಡುತ್ತಿದ್ದಾಳೆ! ಇದಕ್ಕಿಂತ ದೊಡ್ಡ ಹಬ್ಬ ನನಗಿಲ್ಲ.

ಗಾನವಿಗೆ ಉಬ್ಬಸ, ಕೈಗೂಸಾಗಿದ್ದಾಗಿನಿಂದ. ಹಿಂದಿನ ಬೀದಿಯ ಬಣ್ಣ ಹೊಡೆಯುವ ಶೆಡ್ಡಿನ ಕಡೆಯಿಂದ ಗಾಳಿ ಬೀಸಿದರೆ, ಪಕ್ಕದವರು ಒಗ್ಗರಣೆ ಹಾಕಿದರೆ, ಚಳಿ ಬಿದ್ದರೆ, ಎದೆಯಲ್ಲಿ ಸುಂಯ್ ಅಂತ ಪೀಪಿ ಶುರು. ನಮ್ಮ ಮನೆಯಲ್ಲಿ ಎಲ್ಲರೂ ಮಲಗುವುದು ಆ ಸದ್ದಿಗೆ ಒಂದು ಕಿವಿ ಕೊಟ್ಟೇ.

ಅವಳಿಗೆ ಬಾಯಿಗಿಟ್ಟು ಔಷಧಿ ಎಳೆಯುವ ಎರಡು ಪಂಪು. ಒಂದು ದಿನಾ ಎಳೆಯುವುದು, ಇನ್ನೊಂದು ಉಸಿರು ಕಟ್ಟಿದಾಗ. ಎರಡನ್ನೂ ಕೊಂಡರೆ ಆ ತಿಂಗಳ ಹಾಲು, ಮೊಟ್ಟೆಗೆ ಕತ್ತರಿ. ಹಾಗಾಗಿ ಮಗು ಚೆನ್ನಾಗಿದ್ದಾಗ ದಿನದ ಪಂಪು ನಿಲ್ಲುತ್ತಿತ್ತು. ಇನ್ನೊಂದನ್ನು ನನ್ನ ಮಗ ಶಿವು ಗ್ಯಾಸ್ ಸಿಲಿಂಡರಿನ ಹಾಗೆ ಅಲ್ಲಾಡಿಸಿ ನೋಡಿ, "ಇನ್ನೂ ಐತೆ ಕಣವ್ವ, ನಡೀತದೆ" ಅನ್ನುತ್ತಿದ್ದ.

ಅವತ್ತು ಸ್ಕೂಲ್ ಡೇ. ಗಾನವಿ ಹಾಡು ಮುಗಿಯುವವರೆಗೂ ಕುಣಿದಳು, ಒಂದು ಸಲವೂ ಎದೆ ಹಿಡಿದುಕೊಳ್ಳಲಿಲ್ಲ! ನಾನು ಅತ್ತೂ ಅತ್ತೂ ಸೆರಗು ಒದ್ದೆ ಮಾಡಿಕೊಂಡೆ. ಮನೆ ಓನರಮ್ಮ ಅವಳ ಕೆನ್ನೆ ಹಿಂಡಿ, "ಏನ್ ಕುಣೀತಾಳ್ರೀ! ಈ ಮಗೀಗೆ ಕಾಯ್ಲೆ ಅಂದ್ರೆ ಯಾರ್ ನಂಬ್ತಾರೆ?" ಎಂದಳು.

ಇಂಥ ಮಾತಿಗೇ ದೃಷ್ಟಿ ತಾಕುವುದು.

ಸಂಜೆ ಮಗ ಫ್ಯಾಕ್ಟರಿಗೆ ಹೋಗಿಯಾಗಿತ್ತು. ಸೊಸೆ ಮಂಜುಳಾ ಹೌಸ್‌ಕೀಪಿಂಗ್ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

"ಅತ್ತೆ, ಹೊಗೆ ಗಿಗೆ ಏನೂ ಬ್ಯಾಡ. ಊದ್ಬತ್ತೀನೂ ಹಚ್ಚಂಗಿಲ್ಲ."

"ದೇವ್ರಿಗೂ ಇಲ್ದಂಗೆ ಮಾಡ್ಬಿಟ್ಟೆ ಕಣೆ ನೀನು."

"ಬೇರೆ ಮನೇಲಿ ಹಚ್ಚಿಸ್ಕೊಳ್ಳಲಿ ಬಿಡಿ, ದೇವ್ರಿಗೇನು ಮನೆ ಕಮ್ಮೀನಾ?" ನಗುತ್ತಾ ಹೋದಳು.

ಒಳಗೆ ಹೊಗೆ ಹಾಕುವಷ್ಟು ದಡ್ಡಿ ನಾನಲ್ಲ. ಮಗು ಮಲಗಿದ ಮೇಲೆ ಒಣಮೆಣಸಿನಕಾಯಿ, ಉಪ್ಪು ಹಿಡಿದು ಅವಳಿಗೆ ಇಳಿ ತೆಗೆದೆ. ಬಾಗಿಲು, ಕಿಟಕಿ ಎಲ್ಲ ಮುಚ್ಚಿ ತಾರಸಿಗೆ ಹೋದೆ. ಅಡ್ಡಗೋಡೆಯಿಲ್ಲದ ಬೋಳು ತಾರಸಿ. ತೆಂಗಿನ ಚಿಪ್ಪು ಹೊತ್ತಿಸಿ, ಕೆಂಡವಾದ ಮೇಲೆ ಮೆಣಸಿನಕಾಯಿ ಹಾಕಿದೆ.

ಚಟಪಟ ಅಂತು. ಹೊಗೆ ಎದ್ದಿತು... ಆದರೆ ಘಾಟು ಬರಲಿಲ್ಲ.

ನಮ್ಮ ಕಡೆ ಎಲ್ಲರಿಗೂ ಗೊತ್ತು, ಮೆಣಸಿನಕಾಯಿ ಸುಟ್ಟಾಗ ಕೆಮ್ಮು ಬರಲಿಲ್ಲ ಅಂದರೆ ಬಲವಾದ ಕಣ್ಣು ಬಿದ್ದಿದೆ ಅಂತ. ನಾನು ಬಗ್ಗಿ ಮೂಗು ಹತ್ತಿರ ತಂದೆ. ಏನೂ ಇಲ್ಲ. ದಿನಾ ಮೂಗಿಗೆ ಹೊಡೆಯುವ ಶೆಡ್ಡಿನ ಬಣ್ಣದ ವಾಸನೆಯೂ ಇಲ್ಲ. ಆಮೇಲೆ ಮೆಲ್ಲಗೆ ನೀಲಗಿರಿ ಎಣ್ಣೆಯ ವಾಸನೆ ಬಂತು. ಶೀತವಾದ ಮಕ್ಕಳ ಎದೆಗೆ ಹಚ್ಚುತ್ತೇವಲ್ಲ, ಅದು.

ಸುಂಯ್... ಸುಂಯ್...

ನನ್ನ ಎಡಗಡೆ, ತೋಳು ತಾಗುವಷ್ಟು ಹತ್ತಿರ.

"ಗಾನೂ, ಯಾಕವ್ವಾ ಎದ್ ಬಂದೆ? ಹೊಗೆ ಕಣೆ, ಓಗು ಒಳಕ್ಕೆ!"

ತಿರುಗಿದೆ. ಯಾರೂ ಇಲ್ಲ. ಸದ್ದು ಮಾತ್ರ ಎದ್ದು ಮೆಟ್ಟಿಲ ಕಡೆ ಹೋಯಿತು. ನಾನು ಮೆಟ್ಟಿಲ ಗೋಡೆ ತಡವಿಕೊಂಡು ಹಿಂದೆ ಓಡಿದೆ. ನನಗಿಂತ ಮುಂದೆ ಒಂದೊಂದೇ ಮೆಟ್ಟಿಲು ಇಳಿಯುತ್ತಿತ್ತು... ಸುಂಯ್... ಸುಂಯ್... ನಮ್ಮ ಬಾಗಿಲ ಮುಂದೆ ಬಂದು ತಟ್ಟನೆ ನಿಂತಿತು.

ಬಾಗಿಲು ತೆಗೆದೆ.

ಗಾನವಿ ಹಾಸಿಗೆಯ ಮೇಲೆ ಎರಡೂ ಕೈ ಊರಿ ಕೂತಿದ್ದಳು. ಬಾಯಿ ತೆರೆದಿತ್ತು, ತುಟಿ ನೀಲಿ. ಎದೆ ಒಳಕ್ಕೆ ಸೇದಿಕೊಳ್ಳುತ್ತಿತ್ತು. ಸದ್ದೇ ಇಲ್ಲ. ಒಂದಿಷ್ಟೂ ಇಲ್ಲ.

ಪಂಪು ಒತ್ತಿದೆ. ಪುಸ್ ಅಂತು. ಮತ್ತೆ ಒತ್ತಿದೆ, ಮತ್ತೆ... ಮಗುವಿನ ಕಣ್ಣು ಮೇಲಕ್ಕೆ ಹೋಗತೊಡಗಿತು. ಅವಳನ್ನು ಎತ್ತಿಕೊಂಡು ಮೆಟ್ಟಿಲಿಗೆ ಬಂದು ಕಿರುಚಿದೆ.

ಕೆಳಗಿನ ರೂಮಿನ ಬಸಣ್ಣ ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದ. ಕೊಪ್ಪಳದ ಕಡೆಯವನು, ಬಣ್ಣದ ಶೆಡ್ಡಿನಲ್ಲೇ ಕೆಲಸ ಮಾಡಿ ಅವನಿಗೂ ಉಬ್ಬಸ ಹತ್ತಿತ್ತು. ಜೇಬಿನಿಂದ ತನ್ನ ಪಂಪು ತೆಗೆದು, "ಬಾಯಿ ತಗಿ ಅವ್ವಿ, ಎಳಕೋ, ಎಳಕೋ" ಎನ್ನುತ್ತಾ ಒತ್ತಿದ. ಆಟೋ ಹಿಡಿದು ನರ್ಸಿಂಗ್ ಹೋಮಿಗೆ ಹೋಗುವಷ್ಟರಲ್ಲಿ ಮಗುವಿನ ಎದೆಯಲ್ಲಿ ಸಣ್ಣಗೆ ಪೀಪಿ ಕೇಳಿಸಿತು. ನನಗೆ ಅದೇ ನಾದಸ್ವರ!

ಆಕ್ಸಿಜನ್ ಹಾಕಿದ ಮೇಲೆ ಡಾಕ್ಟರಮ್ಮ ನಮ್ಮ ಪಂಪನ್ನು ಕೈಗೆ ತೆಗೆದುಕೊಂಡರು. "ಇದ್ರಲ್ಲಿ ಔಷಧಿ ಮುಗಿದು ಎಷ್ಟು ದಿನ ಆಯ್ತೋ. ಬರೀ ಗ್ಯಾಸು ಪುಸ್ ಅಂತದೆ ಅಷ್ಟೇ. ಅಜ್ಜಿ, ಸುಂಯ್ ಅನ್ನೋ ತನಕ ಗಾಳಿ ಆಡ್ತಿದೆ ಅಂತ ಅರ್ಥ. ಸದ್ದೇ ನಿಂತೋಯ್ತು ಅಂದ್ರೆ ಎದೆ ಪೂರ್ತಿ ಕಟ್ಕೊಂಡಿದೆ ಅಂತ. ನೀವು ಹೇಗೆ ಅಷ್ಟು ಬೇಗ ನೋಡಿದ್ರಿ?"

"ಸದ್ದು ಕೇಳಿಸ್ತು ತಾಯಿ" ಎಂದೆ.

ಅವರು ಸ್ಟೆತಸ್ಕೋಪನ್ನು ಮತ್ತೊಮ್ಮೆ ಮಗುವಿನ ಎದೆಗೆ ಇಟ್ಟರು.

ಹೊರಗೆ ಬೆಂಚಿನ ಮೇಲೆ ಬಸಣ್ಣ ಪಿಸುಗುಟ್ಟಿದ. "ಅಮ್ಮಾರ, ಒಂದ್ ಮಾತ್ ಕೇಳ್ಲೇನ್ರಿ? ನಾ ಗೇಟ್ ತಗ್ಯೂದ್ರಾಗ ನೀವು ಮ್ಯಾಲ ಬೆಂಕಿ ಮುಂದ ಕುಂತಿದ್ರಿ. ನಿಮ್ ಮಗ್ಗಲಕ್ಕ ಕುಂತಿದ್ದ ಸಣ್ ಹುಡುಗಿ ಯಾರ್ರಿ?"

"ಗಾನವಿ ಒಳಗೆ ಮಲಗಿದ್ಲಲ್ಲಪ್ಪ..."

"ಗಾನವಿ ಅಲ್ರಿ. ಆಕಿಗೆ ಎರಡು ಜಡಿ ಇದ್ದುವು."

ನಮ್ಮ ಗಾನವಿಗೆ ಕೂದಲು ಕತ್ತಿನವರೆಗೂ ಬರುವುದಿಲ್ಲ.

ನಮಗಿಂತ ಮೊದಲು ಆ ಮನೆಯಲ್ಲಿ ಯಾರಿದ್ದರು ಎಂದು ಓನರಮ್ಮನನ್ನು ಕೇಳಿದೆ. "ಯಾರೋ ಬಾಡಿಗೆಯವ್ರು. ಅದೆಲ್ಲ ಯಾಕೀಗ?" ಎಂದು ಬಾಗಿಲು ಹಾಕಿಕೊಂಡಳು.

ಈಗ ಶಿವು ರೇಷನ್ನಿಗಿಂತ ಮೊದಲು ಪಂಪು ತರುತ್ತಾನೆ. ಗಾನವಿ ಕುಣಿಯುತ್ತಾಳೆ, ನಾನು ಚಪ್ಪಾಳೆ ತಟ್ಟುತ್ತೇನೆ. ಮೆಣಸಿನಕಾಯಿ ಸುಟ್ಟು ದೃಷ್ಟಿ ಮಾತ್ರ ತೆಗೆಯುವುದಿಲ್ಲ.

ಮೊನ್ನೆ ರಾತ್ರಿ ಎಚ್ಚರವಾಯಿತು. ಗಾನವಿ ನೆಮ್ಮದಿಯಾಗಿ ಮಲಗಿದ್ದಳು. ಆದರೆ ಮೇಲೆ ತಾರಸಿಯಲ್ಲಿ... ಸುಂಯ್... ಸುಂಯ್... ತುಂಬ ಕಷ್ಟಪಟ್ಟು ಎಳೆಯುವ ಉಸಿರು.

"ನಮ್ ಮಗೀಗೆ ಏನೂ ಆಗಿಲ್ಲ ಕಣವ್ವ. ನೀನೂ ಮಲಿಕ್ಕೊ" ಎಂದೆ, ಮೆಲ್ಲಗೆ.

ಸದ್ದು ನಿಂತುಹೋಯಿತು.

ಸದ್ದು ನಿಂತರೆ ಏನರ್ಥ ಎಂದು ಡಾಕ್ಟರಮ್ಮ ಹೇಳಿದ್ದು ಆಗ ನೆನಪಾಯಿತು. ಬೆಳಗಾಗುವವರೆಗೂ ಗಾನವಿಯ ಬೆನ್ನ ಮೇಲಿಂದ ಕೈ ತೆಗೆಯಲಿಲ್ಲ ನಾನು. ಮೇಲಿದ್ದ ಮಗುವಿನ ಬೆನ್ನ ಮೇಲೆ ಯಾರ ಕೈ ಇತ್ತೋ...